ಪದ ಪರಿಚಯ: ಪರ್ಯಾಯ ಸ್ಥಿರಸ್ಥಿತಿ

ಮಳೆ, ಬಿಸಿಲು, ನೆಲ ಯಾವುದೂ ಬದಲಾಗದೆ ಒಂದೇ ಸರೋವರ ಎರಡು ಬೇರೆ ಬೇರೆ ಬಗೆಯಲ್ಲಿ ನೆಲೆಗೊಳ್ಳಬಲ್ಲದು. ಎರಡರಲ್ಲಿ ಯಾವುದಕ್ಕೆ ಹೊರಳಿದರೂ ಅಲ್ಲೇ ಗಟ್ಟಿಯಾಗಿ ಉಳಿಯುತ್ತದೆ. ಪರಿಸರ ವಿಜ್ಞಾನದಲ್ಲಿ ಇದಕ್ಕೆ ಪರ್ಯಾಯ ಸ್ಥಿರಸ್ಥಿತಿ ಎಂದು ಹೆಸರು. ಅಳಗುಳಿಮಣೆಯ ಗುಳಿಯಲ್ಲಿರುವ ಗುಲಗಂಜಿಯನ್ನು ತುಸು ಅಲುಗಿಸಿದರೆ ಅದೇ ಗುಳಿಗೆ ಮರಳುತ್ತದೆ. ಅಂಚು ದಾಟುವಷ್ಟು ನೂಕಿದರೆ ಮಾತ್ರ ಪಕ್ಕದ ಗುಳಿಗೆ ಬೀಳುತ್ತದೆ, ಬಿದ್ದ ಮೇಲೆ ತಾನಾಗಿ ಹಿಂದಿರುಗುವುದಿಲ್ಲ. 1977ರಲ್ಲಿ ಪರಿಸರ ವಿಜ್ಞಾನಿ ರಾಬರ್ಟ್ ಮೇ ಈ ಕಲ್ಪನೆಗೆ ಗಣಿತದ ರೂಪ ಕೊಟ್ಟರು. 1993ರಲ್ಲಿ ಡಚ್ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು ಇದನ್ನು ಆಳವಿಲ್ಲದ ಸರೋವರಗಳಿಗೆ ಅನ್ವಯಿಸಿದರು: ಜಲಸಸ್ಯಗಳಿರುವ ತಿಳಿನೀರು ಒಂದು ಸ್ಥಿತಿ, ಪಾಚಿಯಿಂದ ಬಗ್ಗಡವಾದ ನೀರು ಇನ್ನೊಂದು.

ಮೀನು ಮತ್ತು ಕ್ರೇಫಿಶ್‌ಗಳ ನಡುವೆಯೂ ಇಂಥದ್ದೇ ನಡೆಯಬಹುದು ಎಂದು ತೋರಿಸಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸ್ಪಾರ್ಕ್ಲಿಂಗ್ ಸರೋವರ. ಅದರ ವಿಸ್ತೀರ್ಣ ಸುಮಾರು 64 ಹೆಕ್ಟೇರ್. ಕ್ರೇಫಿಶ್ ಎಂದರೆ ಸಿಹಿನೀರಿನಲ್ಲಿ ಬದುಕುವ, ಲಾಬ್‌ಸ್ಟರ್‌ನ ಸಣ್ಣ ನೆಂಟ. ಭಾರತದ ಮೂಲ ಜೀವಿಗಳಲ್ಲಿ ಇದು ಇಲ್ಲ. ಅದರ ಒಂದು ಜಾತಿಯಾದ ರಸ್ಟಿ ಕ್ರೇಫಿಶ್‌ನ ತವರು ಒಹಾಯೊ ನದಿಯ ಬಯಲು. ಗಾಳ ಹಾಕುವವರು ಎರೆಯಾಗಿ ಒಯ್ದು, ಉಳಿದದ್ದನ್ನು ನೀರಿಗೆ ಬಿಟ್ಟು ಉತ್ತರದ ಸರೋವರಗಳಿಗೆ ಇದನ್ನು ಹರಡಿದರು ಎಂಬುದು ಸಾಮಾನ್ಯ ವಿವರಣೆ. ಸ್ಪಾರ್ಕ್ಲಿಂಗ್‌ಗೆ ಅದು ಬಂದದ್ದು 1970ರ ದಶಕದಲ್ಲಿ. ಗಾತ್ರದಲ್ಲಿ ದೊಡ್ಡದು, ಸ್ವಭಾವದಲ್ಲಿ ಜಗಳಗಂಟ. ಮೀನು ಬಂದರೆ ಓಡುವ ಬದಲು ಚಿಮಟ ಎತ್ತಿ ನಿಲ್ಲುತ್ತದೆ. ಸ್ಥಳೀಯ ಕ್ರೇಫಿಶ್‌ಗಳು ಇದರ ಮುಂದೆ ನಿಲ್ಲಲಿಲ್ಲ.

ಅದು ಜಲಸಸ್ಯಗಳನ್ನು ತಿನ್ನುತ್ತದೆ, ತಿನ್ನುವುದಕ್ಕಿಂತ ಹೆಚ್ಚಾಗಿ ಬುಡದಲ್ಲೇ ಕತ್ತರಿಸಿ ಹಾಳುಮಾಡುತ್ತದೆ. ಬ್ಲೂಗಿಲ್, ಪಂಪ್ಕಿನ್‌ಸೀಡ್ ಮೊದಲಾದ ಸನ್‌ಫಿಶ್ ಎಂಬ ಮೀನುಗಳ ಮರಿಗಳು ಅಡಗುವುದು ಆ ಗಿಡಗಳ ನಡುವೆ. ಗಿಡ ಹೋದರೆ ಸನ್‌ಫಿಶ್ ಕಡಿಮೆಯಾಗುತ್ತದೆ. ಕ್ರೇಫಿಶ್‌ನ ಎಳೆಮರಿಗಳನ್ನು ತಿಂದು ಅದರ ಸಂಖ್ಯೆಗೆ ಕಡಿವಾಣ ಹಾಕುತ್ತಿದ್ದುದು ಇದೇ ಸನ್‌ಫಿಶ್. ಅಲ್ಲಿಗೆ ಸುತ್ತು ಪೂರ್ತಿಯಾಯಿತು: ಕ್ರೇಫಿಶ್ ಹೆಚ್ಚಿದ್ದಷ್ಟೂ ಅದು ಹೆಚ್ಚಲು ಅನುಕೂಲ. ಸನ್‌ಫಿಶ್ ಮೇಲುಗೈ ಪಡೆದರೆ ಇದೇ ಸುತ್ತು ತಿರುಗಿ ನಡೆಯುತ್ತದೆ. ಹೆಸರಿನಲ್ಲಿರುವ ‘ಸ್ಥಿರ’ ಎಂಬುದನ್ನು ಮೆಚ್ಚುಗೆಯ ಮಾತೆಂದು ಓದಬಾರದು. ಹಾಳಾದ ಸರೋವರವೂ ಅಷ್ಟೇ ಸ್ಥಿರವಾಗಿರಬಲ್ಲದು.

ಹಾಗಾದರೆ ಅರೆಬರೆ ನಿರ್ವಹಣೆಯಿಂದ ಪ್ರಯೋಜನವಿಲ್ಲ. ಒಂದಷ್ಟು ಕ್ರೇಫಿಶ್ ಹಿಡಿದು ನಿಲ್ಲಿಸಿದರೆ ಸಂಖ್ಯೆ ಮತ್ತೆ ಏರುತ್ತದೆ. ಬೋನುಗಳಿಗೆ ಇನ್ನೊಂದು ಮಿತಿಯೂ ಇದೆ: ಬೀಳುವುದು ಹೆಚ್ಚಾಗಿ ದೊಡ್ಡವು, ಅವುಗಳಲ್ಲೂ ಗಂಡುಗಳೇ ಹೆಚ್ಚು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2008ರವರೆಗೆ ಪ್ರತಿ ಬೇಸಿಗೆ ಬೋನು ಹಾಕಿ ದೊಡ್ಡವನ್ನು ತೆಗೆದರು. ಚಿಕ್ಕವನ್ನು ಸ್ಮಾಲ್‌ಮೌತ್ ಬಾಸ್‌ನಂತಹ ಮೀನುಗಳು ತಿನ್ನಲೆಂದು ಅವುಗಳ ಬೇಟೆಗೆ ನಿರ್ಬಂಧ ಹೇರಲಾಯಿತು. ನನಗೆ ಈ ಯೋಜನೆಯಲ್ಲಿ ಅತ್ಯಂತ ಜಾಣತನದ ಭಾಗ ಅದೇ: ಬೋನಿಗೆ ಸಿಗದದ್ದನ್ನು ಮೀನಿಗೆ ಬಿಡುವುದು.

ರಸ್ಟಿ ಕ್ರೇಫಿಶ್ ಸುಮಾರು ಶೇ. 99ರಷ್ಟು ಕುಸಿಯಿತು. ಗಿಡಗಳೂ ಸನ್‌ಫಿಶ್‌ಗಳೂ ಹೆಚ್ಚಿದವು. ಬೋನು ನಿಲ್ಲಿಸಿದ ಮೇಲಿನ ನಾಲ್ಕು ವರ್ಷಗಳಲ್ಲೂ ಕ್ರೇಫಿಶ್ ತಲೆ ಎತ್ತಲಿಲ್ಲ. ಗುಲಗಂಜಿ ಅಂಚು ದಾಟಿತೆಂದು ಹೇಳಲು ಇಷ್ಟು ಸಾಕೇ? ಗ್ರೆಚೆನ್ ಹ್ಯಾನ್ಸೆನ್ ಮತ್ತು ಸಹಸಂಶೋಧಕರು 2013ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಒಂದೇ ಸ್ಥಿರಸ್ಥಿತಿ ಇದ್ದು, ಅದಕ್ಕೆ ಮರಳುವುದು ಬಹಳ ನಿಧಾನವಾದರೂ ಕೆಲವು ವರ್ಷಗಳ ಲೆಕ್ಕದಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವೆ. ನಿರ್ವಾಹಕರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎರಡು ಸ್ಥಿರಸ್ಥಿತಿಗಳಿದ್ದರೆ ಒಮ್ಮೆ ಖರ್ಚು ಮಾಡಿದರೆ ಸಾಕು, ಒಂದೇ ಇದ್ದರೆ ಆಗಾಗ ಬೋನು ಹಿಡಿದು ಹೋಗಬೇಕು.

ಎಲ್ಲ ಸರೋವರಕ್ಕೂ ಈ ಉಪಾಯ ಹೊಂದುವುದಿಲ್ಲ. ಸ್ಪಾರ್ಕ್ಲಿಂಗ್‌ಗೆ ಹೊಳೆಗಳ ಸಂಪರ್ಕವಿಲ್ಲ, ಅದು ಅಂತರ್ಜಲದಿಂದ ತುಂಬುವಂಥದ್ದು. ಹಾಗಾಗಿ ಹೊಸ ಕ್ರೇಫಿಶ್ ಈಜಿ ಬರುವ ದಾರಿಯಿಲ್ಲ. ತಳವೆಲ್ಲ ಕಲ್ಲುಗಳಿಂದ ತುಂಬಿದ ಸರೋವರಗಳಲ್ಲಿ ಕ್ರೇಫಿಶ್‌ಗೆ ಅಡಗುತಾಣ ಹೇರಳ, ಗಿಡ ಬೇರೂರಲು ಜಾಗ ಕಡಿಮೆ. ಅಂಥ ಕಡೆ ಎಷ್ಟು ನೂಕಿದರೂ ಬೀಳಲು ಪಕ್ಕದಲ್ಲಿ ಇನ್ನೊಂದು ಗುಳಿಯೇ ಇರದಿರಬಹುದು.