ಸಸ್ ಕಾರ್ಡ್ ಹಿಡಿದ ಮೇಲೆ ಮೇಜರ್‌ಗೆ ಬರಲೇಬೇಕಾ?

ಜಾತ್ರೆ ಹತ್ತಿರ ಬಂದಾಗೆಲ್ಲ ಕೊಪ್ಪಳ, ಗಂಗಾವತಿ ಕಡೆಯ ಕೀಬೋರ್ಡ್ ಹುಡುಗರು ಇದೇ ಕೇಳುತ್ತಾರೆ: "ಸರ್, ಸಸ್ ಫೋರ್ ಹಿಡಿದು ಅಲ್ಲೇ ನಿಂತರೆ ತಪ್ಪಾ? ರಿಸಾಲ್ವ್ ಮಾಡಲೇಬೇಕಾ?" ಕಾರ್ಡ್ ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ರಿಸಾಲ್ವ್ ಅಂದರೆ ಸಸ್ ಬಿಟ್ಟು ಮೇಜರ್ ಕಾರ್ಡಿಗೆ ಬಂದು ನಿಲ್ಲುವುದು.

ತಪ್ಪಲ್ಲ. ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ, ತಪ್ಪಲ್ಲ.

ಸಿ ಅನ್ನು ಸ ಅಂದುಕೊಂಡರೆ ಸಿ ಮೇಜರ್ ಅಂದರೆ ಸ-ಗ-ಪ. ಗ ತೆಗೆದು ಮ ಇಟ್ಟರೆ ಸಸ್ ಫೋರ್, ರಿ ಇಟ್ಟರೆ ಸಸ್ ಟೂ. ಅಷ್ಟೇ.

ಮತ್ತೆ ಈ 'ಬರಲೇಬೇಕು' ಎಲ್ಲಿಂದ ಬಂತು? ಯುರೋಪಿನ ಹಳೆಯ ಚರ್ಚ್ ಸಂಗೀತದಲ್ಲಿ ಹಿಂದಿನ ಕಾರ್ಡಿನ ಒಂದು ಸ್ವರವನ್ನು ಮುಂದಿನ ಕಾರ್ಡಿನ ಮೇಲೂ ಹಿಡಿದಿಟ್ಟು, ಆಮೇಲೆ ಒಂದು ಮೆಟ್ಟಿಲು ಕೆಳಗಿಳಿಸುತ್ತಿದ್ದರು. ಹಾಗೆ ತೂಗಿಬಿಟ್ಟ ಸ್ವರಕ್ಕೇ ಸಸ್ಪೆನ್ಷನ್ ಅಂತ ಹೆಸರು. ಅಲ್ಲಿ ಮ ಇಳಿದು ಗ ಆಗಲೇಬೇಕಿತ್ತು. ಆ ನಿಯಮ ಆ ಸಂಗೀತದ್ದು, ಎಲ್ಲ ಹಾಡಿಗೂ ಅದನ್ನೇ ಕಟ್ಟಿದರೆ ಹೇಗೆ? 1965ರಲ್ಲಿ ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಮಾಡಿದ 'ಮೇಡನ್ ವಾಯೇಜ್' ಕೇಳಿ. ಶುರುವಿನ ರಾಗಭಾಗದಲ್ಲಿ ಡಿ ಸಸ್ ನಾಲ್ಕು ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು), ಅಲ್ಲಿಂದ ನೇರ ಎಫ್ ಸಸ್ ನಾಲ್ಕು ಬಾರ್. ನಡುವೆ ಮೇಜರ್ ಇಲ್ಲವೇ ಇಲ್ಲ.

ಅಷ್ಟು ದೂರ ಯಾಕೆ, ನಮ್ಮ ದುರ್ಗಾ ರಾಗ ನೋಡಿ. ಸ ರಿ ಮ ಪ ಧ. ಗ ಎಲ್ಲಿದೆ? ಹಾಡುವವರು ಮಧ್ಯಮದ ಮೇಲೆ ಆರಾಮಾಗಿ ನಿಲ್ಲುತ್ತಾರೆ, ಅದು ಎಲ್ಲಿಗೂ ಇಳಿಯಬೇಕಾಗಿಲ್ಲ. ಹೋದ ವರ್ಷ ನಮ್ಮ ಹುಡುಗನೊಬ್ಬ ದುರ್ಗಾದ ಭಜನೆಗೆ ಪ್ರತಿ ಸಾಲಿನ ಕೊನೆಗೂ ಸಸ್ ಬಿಟ್ಟು ಮೇಜರ್‌ಗೆ ಬರುತ್ತಿದ್ದ. ಹಾಡುತ್ತಿದ್ದ ಅಜ್ಜಾರು ನಿಲ್ಲಿಸಿ, "ತಮ್ಮಾ, ಆ ಗಂಧಾರ ಎಲ್ಲಿಂದ ತಂದಿ?" ಅಂದರು. ನಾನು ಅರ್ಧ ಗಂಟೆ ಪಾಠ ಮಾಡಿದರೂ ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಹಾಗಂತ ರಿಸಾಲ್ವ್ ಮಾಡಲೇಬಾರದು ಅಂತಲ್ಲ. ಸಿನಿಮಾ ಹಾಡಿನಲ್ಲಿ ಪಲ್ಲವಿಗೆ ವಾಪಸ್ ಬರುವಾಗ ಅದು ಬಹಳ ಚೆಂದ. ಕಿವಿ ಕೇಳಿದರೆ ಮಾಡಿ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಸಸ್ ಮೇಲೆ ಸೋಲೊಗೆ ಏನು ನುಡಿಸಬೇಕು? ಎಡಗೈಯಲ್ಲಿ ಜಿ-ಸಿ-ಡಿ, ಅಂದರೆ ಜಿ ಸಸ್ ಫೋರ್ ಹಿಡಿಯಿರಿ, ಜಿ ಕೆಳಗಿರಲಿ. ಬಲಗೈಯಲ್ಲಿ ಸಿ ಯಿಂದ ನಿಮಗೆ ಬರುವ ಭೂಪಾಲಿ ರಾಗವನ್ನೇ (ಸ ರಿ ಗ ಪ ಧ) ನುಡಿಸಿ. ಸ್ವಲ್ಪ ಹೊತ್ತಿಗೆ ಕಿವಿ ಜಿ ಯನ್ನೇ ಸ ಅಂದುಕೊಳ್ಳುತ್ತದೆ, ಆಗ ಅದೇ ಸ್ವರಗಳು ದುರ್ಗಾ ಆಗಿ ಕೇಳಿಸುತ್ತವೆ! ಈಗ ಬೇಸ್‌ನಲ್ಲಿ ಜಿ ಬದಲು ಸಿ ಇಡಿ, ಅದೇ ಮೂರು ಸ್ವರ ಸಿ ಸಸ್ ಟೂ ಆಯ್ತು. ಇನ್ನೂ ಸುಲಭ ಬೇಕಾ? ಸಿ ಶಾರ್ಪ್ ಸಸ್ ಫೋರ್ ಹಿಡಿದು ಬಲಗೈ ಬರೀ ಕಪ್ಪು ಮನೆಗಳ ಮೇಲೆ ಓಡಾಡಲಿ. ಬೆರಳು ಯಾವ ಕಪ್ಪು ಮನೆಗೆ ಬಿದ್ದರೂ ದುರ್ಗಾದೊಳಗೇ ಇರುತ್ತದೆ.