ರೋಗದ ಜಾಡು ಹಿಡಿಯುವ ವೈದ್ಯರು: ಒಂದು ತರಬೇತಿಯ ಹಿನ್ನೆಲೆ

ದೆಹಲಿಯ ಶಾಮ್‌ನಾಥ್ ಮಾರ್ಗದಲ್ಲಿರುವ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ, ಅಂದರೆ ಎನ್‌ಸಿಡಿಸಿಯಲ್ಲಿ, 2012ರಿಂದ ವೈದ್ಯರಿಗಾಗಿ ಎರಡು ವರ್ಷಗಳ ಒಂದು ತರಬೇತಿ ನಡೆಯುತ್ತಿದೆ. ಇದಕ್ಕೆ ಸೇರಿದವರು ರೋಗಿಯ ನಾಡಿ ಹಿಡಿಯುವುದಕ್ಕಿಂತ ಹೆಚ್ಚಾಗಿ ರೋಗದ ಜಾಡು ಹಿಡಿಯುವುದನ್ನು ಕಲಿಯುತ್ತಾರೆ: ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು, ಅದೇ ಕೇರಿಯಲ್ಲಿ ಅದೇ ನೀರು ಕುಡಿದ ಪಕ್ಕದ ಮನೆಯವರಿಗೆ ಯಾಕೆ ಬರಲಿಲ್ಲ. ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್, ಅಂದರೆ ಇಐಎಸ್, ಎಂಬ ಅದರ ಹೆಸರೂ ಮಾದರಿಯೂ ಅಮೆರಿಕದಿಂದ ಬಂದವು. ಆದರೆ ಹಳ್ಳಿಗೆ ಹೋಗಿ ರೋಗದ ಲೆಕ್ಕ ಹಾಕುವ ವಿದ್ಯೆ ಈ ದೇಶಕ್ಕೆ 2012ರಲ್ಲಿ ಬಂದದ್ದಲ್ಲ.

ಎನ್‌ಸಿಡಿಸಿಯ ಬೇರು ಇರುವುದು 1909ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಆರಂಭವಾದ ಕೇಂದ್ರೀಯ ಮಲೇರಿಯಾ ಬ್ಯೂರೋದಲ್ಲಿ. ಅದು 1927ರಲ್ಲಿ ಮಲೇರಿಯಾ ಸರ್ವೆ ಆಫ್ ಇಂಡಿಯಾ ಆಗಿ ಬೆಳೆದು, 1938ರಲ್ಲಿ ಮಲೇರಿಯಾ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ದೆಹಲಿಗೆ ಬಂತು. ಆ ಕಾಲದ ಮಲೇರಿಯಾ ಅಧಿಕಾರಿಗಳು ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆಯ ಎಡಬದಿಯನ್ನು ಒತ್ತಿ ನೋಡುತ್ತಿದ್ದರು. ನೂರರಲ್ಲಿ ಎಷ್ಟು ಮಕ್ಕಳ ಗುಲ್ಮ ಊದಿದೆ ಎಂಬ ಲೆಕ್ಕದಿಂದ ಆ ಊರಿನಲ್ಲಿ ಮಲೇರಿಯಾ ಎಷ್ಟು ಬೇರೂರಿದೆ ಎಂದು ಅಳೆಯುತ್ತಿದ್ದರು. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ತಗಲುತ್ತಿದ್ದ ಮಲೇರಿಯಾ, 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಿಂದಾಗಿ 1965ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಈ ನಡುವೆ, ಇನ್ನು ಮಲೇರಿಯಾ ಒಂದಕ್ಕೇ ಸಂಸ್ಥೆ ಬೇಡವೆಂಬ ನಂಬಿಕೆಯಲ್ಲಿ, 1963ರಲ್ಲಿ ಅದನ್ನು ಎಲ್ಲ ಸೋಂಕು ರೋಗಗಳ ರಾಷ್ಟ್ರೀಯ ಸಂಸ್ಥೆಯಾಗಿ ಮಾರ್ಪಡಿಸಲಾಯಿತು. ಹೆಸರು ಹಿಗ್ಗಿತಾದರೂ ಜಿಲ್ಲೆಗಳಲ್ಲಿ ಎಲ್ಲ ರೋಗಗಳ ಮೇಲೂ ಕಣ್ಣಿಡುವಂಥ ಜನ ಅದೇ ವೇಗದಲ್ಲಿ ತಯಾರಾಗಲಿಲ್ಲ. 1976ರಲ್ಲಿ ಮಲೇರಿಯಾ ಪ್ರಕರಣಗಳು ಮತ್ತೆ 64 ಲಕ್ಷ ದಾಟಿದವು.

ಇಂಥದೇ ವಿದ್ಯೆ ಬೆಂಗಳೂರಿನಲ್ಲಿ ಬೇರೆಯೇ ದಾರಿ ಹಿಡಿದಿತ್ತು. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಜಿಲ್ಲಾ ಕ್ಷಯ ಕೇಂದ್ರಗಳಿಗೆ ಬೇಕಾದ ತಂಡಗಳನ್ನು ತರಬೇತು ಮಾಡುತ್ತಿತ್ತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಯ ವರದಿ 1963ರಲ್ಲಿ ಪ್ರಕಟವಾಯಿತು. ಕ್ಷಯ ಇರುವವರಿಗೆ ತಮ್ಮ ಕಾಯಿಲೆಯ ಅರಿವೇ ಇರುವುದಿಲ್ಲ, ವ್ಯಾನಿನಲ್ಲಿ ಹೋಗಿ ಹುಡುಕಬೇಕು ಎಂಬುದು ಆಗಿನ ರೂಢಿಯ ಮಾತು. ಸಮೀಕ್ಷೆ ಕಂಡದ್ದು ಬೇರೆ: ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರು, ಅಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಅವರನ್ನು ಕಳಿಸಲಾಗಿತ್ತು. ನನ್ನ ಮಟ್ಟಿಗೆ, ಜನರನ್ನು ಕೇಳಿ ತಿಳಿಯುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕೆಲಸ ಈ ದೇಶದಲ್ಲಿ ಕಡಿಮೆ. ಆದರೆ ಅದು ಕ್ಷಯದ ಗಡಿಯೊಳಗೇ ಉಳಿಯಿತು.

ಒಂದು ರೋಗಕ್ಕೆ ಕಟ್ಟುಬೀಳದ ತರಬೇತಿ ಮೊದಲು ರೂಪುಗೊಂಡದ್ದು ಅಮೆರಿಕದಲ್ಲಿ, 1951ರಲ್ಲಿ. ಕೊರಿಯಾ ಯುದ್ಧದ ಕಾಲದಲ್ಲಿದ್ದ ಜೈವಿಕ ಅಸ್ತ್ರಗಳ ಭಯವನ್ನೇ ಬಳಸಿಕೊಂಡು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಅಲೆಕ್ಸಾಂಡರ್ ಲ್ಯಾಂಗ್ಮ್ಯೂರ್ ಇಐಎಸ್‌ಗೆ ಸರ್ಕಾರದ ಹಣ ತಂದರು. ಆ ತಂಡದ ಲಾಂಛನ ಸವೆದು ತೂತಾದ ಬೂಟಿನ ಅಟ್ಟೆ. 1980ರಲ್ಲಿ ಥಾಯ್ಲೆಂಡ್ ಇದೇ ಮಾದರಿಯ ತರಬೇತಿ ಆರಂಭಿಸಿದಾಗ ಭಾರತ ಇನ್ನೂ ಆ ದಾರಿಗೆ ಬಂದಿರಲಿಲ್ಲ.

ಬರುವಂತೆ ಮಾಡಿದ್ದರಲ್ಲಿ 1994ರ ಪ್ಲೇಗಿನ ಪಾಲು ದೊಡ್ಡದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಆಗಸ್ಟ್‌ನಲ್ಲಿ ಕಾಣಿಸಿಕೊಂಡ ರೋಗ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ವರದಿಯಾದಾಗ ಲಕ್ಷಾಂತರ ಜನ ಊರು ಬಿಟ್ಟು ಓಡಿದರು, ವಿದೇಶಗಳು ವಿಮಾನಗಳನ್ನು ನಿಲ್ಲಿಸಿದವು. ಅದು ಪ್ಲೇಗ್ ಹೌದೋ ಅಲ್ಲವೋ ಎಂಬ ವಾದ ವರ್ಷಗಳ ಕಾಲ ನಡೆಯಿತು. ಸತ್ತವರು ಐವತ್ತರ ಆಸುಪಾಸು. ರೋಗಕ್ಕಿಂತ ಗೊಂದಲವೇ ಹೆಚ್ಚು ನಷ್ಟ ಮಾಡಿತೆಂದರೆ ತಪ್ಪಾಗಲಾರದು. ಆಮೇಲೆ 2001ರಲ್ಲಿ ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ ಕ್ಷೇತ್ರಕಾರ್ಯವೇ ಪ್ರಧಾನವಾದ ಸ್ನಾತಕೋತ್ತರ ತರಬೇತಿ ಆರಂಭಿಸಿತು. 2004ರಲ್ಲಿ ಸಮಗ್ರ ರೋಗಗಳ ಸರ್ವೇಕ್ಷಣಾ ಯೋಜನೆ ಬಂತು. ಆರೋಗ್ಯ ಕಾರ್ಯಕರ್ತೆ ಎಸ್ ನಮೂನೆ, ವೈದ್ಯರು ಪಿ ನಮೂನೆ, ಪ್ರಯೋಗಾಲಯ ಎಲ್ ನಮೂನೆ ತುಂಬಿ ವಾರಕ್ಕೊಮ್ಮೆ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಕಳಿಸುವ ಪದ್ಧತಿ ಜಾರಿಯಾಯಿತು. ನಮೂನೆಗಳು ರಾಶಿ ಬಿದ್ದ ಮೇಲೆ ಅವುಗಳನ್ನು ಓದಬಲ್ಲವರ ಕೊರತೆ ಎದ್ದು ಕಂಡಿತು. 2009ರಲ್ಲಿ ಎನ್‌ಸಿಡಿಸಿ ಎಂಬ ಹೊಸ ಹೆಸರು ಪಡೆದ ಸಂಸ್ಥೆಯಲ್ಲಿ ಮೂರು ವರ್ಷಗಳ ನಂತರ ಇಐಎಸ್ ಆರಂಭವಾದದ್ದು ಈ ಹಿನ್ನೆಲೆಯಲ್ಲಿ.

ಅದರ ಪರೀಕ್ಷೆ ಬೇಗನೇ ಎದುರಾಯಿತು. ಬಿಹಾರದ ಮುಜಫ್ಫರ್‌ಪುರದಲ್ಲಿ ಪ್ರತಿ ವರ್ಷ ಮೇ-ಜೂನ್ ತಿಂಗಳಲ್ಲಿ, ರಾತ್ರಿ ಚೆನ್ನಾಗಿಯೇ ಮಲಗಿದ್ದ ಮಕ್ಕಳು ನಸುಕಿನಲ್ಲಿ ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತಿದ್ದರು. ಮಳೆ ಹಿಡಿದರೆ ರೋಗವೂ ನಿಲ್ಲುತ್ತಿತ್ತು. ಮಿದುಳುಜ್ವರದ ಯಾವುದೋ ವೈರಾಣು ಇರಬೇಕೆಂಬುದು ಬಹುಕಾಲದ ಊಹೆ. 2013ರಲ್ಲಿ ಎನ್‌ಸಿಡಿಸಿ ಮತ್ತು ಸಿಡಿಸಿ ತಂಡಗಳು ಹೋದಾಗ ಹಲವು ಮಕ್ಕಳಿಗೆ ಜ್ವರವೇ ಇರಲಿಲ್ಲ, ರಕ್ತದಲ್ಲಿ ಸಕ್ಕರೆ ಮಾತ್ರ ತೀರಾ ಇಳಿದಿತ್ತು. 2014ರಲ್ಲಿ ಮೇ 26ರಿಂದ ಜುಲೈ 17ರವರೆಗೆ 390 ಮಕ್ಕಳು ದಾಖಲಾಗಿ 122 ಮಂದಿ ತೀರಿಕೊಂಡರು. ಆ ವರ್ಷ 104 ರೋಗಿಗಳನ್ನು ಅವರದೇ ವಯಸ್ಸಿನ, ಮಿದುಳು-ನರಗಳಿಗೆ ಸಂಬಂಧಿಸದ ಬೇರೆ ಕಾಯಿಲೆಗೆಂದು ಆಸ್ಪತ್ರೆ ಸೇರಿದ್ದ 104 ಮಕ್ಕಳೊಂದಿಗೆ ಹೋಲಿಸಿದಾಗ ಎರಡು ಸಂಗತಿಗಳು ಎದ್ದು ನಿಂತವು: ಹಿಂದಿನ ದಿನ ಲಿಚಿ ತಿಂದದ್ದು, ರಾತ್ರಿ ಊಟ ಮಾಡದೇ ಮಲಗಿದ್ದು. ಲಿಚಿಯಲ್ಲಿರುವ ಹೈಪೊಗ್ಲೈಸಿನ್ ದೇಹ ಸಕ್ಕರೆ ತಯಾರಿಸುವುದನ್ನು ತಡೆಯುತ್ತದೆ. ಹೊಟ್ಟೆ ತುಂಬಿದ ಮಗುವಿಗೆ ಅದು ಅಷ್ಟು ಹಾನಿ ಮಾಡದು. ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್ ಮತ್ತು ವಿಜ್ಞಾನಿ ಮುಕುಲ್ ದಾಸ್ ಇದೇ ಶಂಕೆಯನ್ನು 2014ರಲ್ಲಿಯೇ ಪ್ರತ್ಯೇಕವಾಗಿ ಬರೆದಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಸೋಂಕು ರೋಗದ ಜಾಡು ಹಿಡಿಯಲು ತರಬೇತಾದವರು, ಇದು ಸೋಂಕೇ ಅಲ್ಲ ಎಂದು ತೋರಿಸಿಕೊಟ್ಟರು.

ಮಕ್ಕಳಿಗೆ ರಾತ್ರಿ ಊಟ ತಪ್ಪದಿರಲಿ, ಲಿಚಿ ಮಿತವಾಗಿರಲಿ, ಆಸ್ಪತ್ರೆಗೆ ಬಂದ ಕೂಡಲೇ ಗ್ಲೂಕೋಸ್ ಕೊಡಿ ಎಂಬ ಸಲಹೆ ಹೊರಟಿತು. ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸಾವುಗಳು ಇಳಿದವು. 2019ರ ಜೂನ್‌ನಲ್ಲಿ ಅದೇ ಊರಿನಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಕಾರಣ ಹುಡುಕಲು ಆ ಸಲ ಹೊಸ ತನಿಖೆಯೇನೂ ಬೇಕಿರಲಿಲ್ಲ. ರಾತ್ರಿಯ ಊಟವನ್ನು ಆ ಮನೆಗಳಿಗೆ ಮುಟ್ಟಿಸುವುದು ಯಾವ ಇಲಾಖೆಯ ಕೆಲಸ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.