ಹೃದಯದ ಬ್ರೇಕ್ ಬರೀ ನರದ ಕೈಯಲ್ಲಿಲ್ಲ

1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದ ಓಟ್ಟೊ ಲೇವಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಮಿದುಳಿನಿಂದ ಹೃದಯಕ್ಕೆ ಬಂದು ಬಡಿತವನ್ನು ನಿಧಾನಿಸುವ ನರಕ್ಕೆ ವೇಗಸ್ ಎಂದು ಹೆಸರು. ಕಪ್ಪೆಯ ಹೃದಯದ ಈ ನರವನ್ನು ವಿದ್ಯುತ್ತಿನಿಂದ ಕೆಣಕಿದಾಗ ಬಡಿತ ನಿಧಾನವಾಯಿತು. ಆ ಹೃದಯದೊಳಗಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದರ ಬಡಿತವೂ ಇಳಿಯಿತು! ಅಂದರೆ ನರ ಯಾವುದೋ ರಾಸಾಯನಿಕವನ್ನು ಬಿಡುತ್ತಿತ್ತು. ಅದೇ ಅಸಿಟೈಲ್‌ಕೋಲಿನ್. ಅದರ ಗುಣಗಳನ್ನು ಬ್ರಿಟನ್ನಿನ ಹೆನ್ರಿ ಡೇಲ್ 1914ರಲ್ಲೇ ವಿವರಿಸಿದ್ದರು. 1936ರ ನೊಬೆಲ್ ಇಬ್ಬರಿಗೂ ಬಂತು. (ಎರಡು ವರ್ಷದ ನಂತರ ನಾಜಿಗಳು ಲೇವಿಯವರನ್ನು ಬಂಧಿಸಿ, ಆ ಹಣವನ್ನೂ ಕಿತ್ತುಕೊಂಡರು.)

ಈ ಗೆಲುವೇ ಮುಂದೆ ಕಣ್ಣಿಗೆ ಪಟ್ಟಿ ಕಟ್ಟಿತು ಅನಿಸುತ್ತದೆ. ಅಸಿಟೈಲ್‌ಕೋಲಿನ್ ಎಂದರೆ ನರದ ಸರಕು ಎಂದು ಹೆಚ್ಚಿನವರು ನಂಬಿದರು. ಆದರೆ ನರಗಳೇ ಇಲ್ಲದ ಮಾಸುವಿನಲ್ಲೂ (ಗರ್ಭದಲ್ಲಿ ಮಗುವಿಗೆ ಆಹಾರ ಒದಗಿಸುವ ಅಂಗ) ಅದು ಧಾರಾಳವಾಗಿದೆ ಎಂದು 1930ರ ದಶಕದಲ್ಲೇ ಗೊತ್ತಿತ್ತು. ಹೃದಯದಲ್ಲೂ ಒಂದು ಒಗಟಿತ್ತು. ವೇಗಸ್ ನರದ ಎಳೆಗಳು ಮೇಲಿನ ಹೃತ್ಕರ್ಣಗಳಲ್ಲಿ ಜಾಸ್ತಿ, ರಕ್ತವನ್ನು ತಳ್ಳುವ ಹೃತ್ಕುಕ್ಷಿಗಳಲ್ಲಿ ತೀರಾ ಕಡಿಮೆ. ಹಾಗಿದ್ದರೂ ಅಲ್ಲಿನ ಸ್ನಾಯುಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಹಿಡಿಯುವ ಗ್ರಾಹಕಗಳಿವೆ. ಅವುಗಳಿಗೆ ಅದು ಬರುವುದು ಎಲ್ಲಿಂದ?

ಉತ್ತರ ಸಿಗಲು 2009ರವರೆಗೆ ಕಾಯಬೇಕಾಯಿತು. ಹೃದಯದ ಸ್ನಾಯುಕೋಶಗಳು ತಾವೇ ಅಸಿಟೈಲ್‌ಕೋಲಿನ್ ತಯಾರಿಸುತ್ತವೆ ಎಂದು ಜಪಾನಿನ ತಂಡವೊಂದು ತೋರಿಸಿತು. 2013ರಲ್ಲಿ ಇನ್ನೊಂದು ತಂಡ ಇಲಿಗಳ ಜೀನ್ ಬದಲಿಸಿ, ಈ ಕೋಶಗಳು ಮಾತ್ರ ಅದನ್ನು ಹೊರಗೆ ಬಿಡದಂತೆ ಮಾಡಿತು. ನರಗಳಿಗೆ ಏನೂ ಮಾಡಿರಲಿಲ್ಲ. ಸುಮ್ಮನಿದ್ದಾಗ ಇಲಿಗಳ ಬಡಿತ ಸರಿಯಾಗೇ ಇತ್ತು. ಓಡಿಸಿದ ಮೇಲೆ ಬಡಿತ ಮಾಮೂಲಿಗಿಂತ ಹೆಚ್ಚು ಏರಿತು. ಹೃದಯದ ಸ್ನಾಯು ದಪ್ಪವಾಗಿತ್ತು, ಅದನ್ನು ಸಂಕುಚಿಸುವ ಕ್ಯಾಲ್ಸಿಯಂನ ಲೆಕ್ಕ ತಪ್ಪಿತ್ತು. ಬಡಿತವನ್ನು ಏರಿಸುವ ಅಡ್ರಿನಲಿನ್ ಕಡೆಯ ಒತ್ತಡವನ್ನು ತಡೆಯಲು ನರವೊಂದೇ ಸಾಲದು ಅಂತಾಯಿತು ಅಲ್ವಾ? ಅದೇ ವರ್ಷ ಇದರ ಉಲ್ಟಾ ಪ್ರಯೋಗವೂ ಬಂತು. ಅಸಿಟೈಲ್‌ಕೋಲಿನ್ ಜಾಸ್ತಿ ತಯಾರಿಸುವ ಇಲಿಯ ಹೃದಯ, ರಕ್ತ ಪೂರೈಕೆ ನಿಂತಾಗ ಹೆಚ್ಚು ತಾಳಿಕೊಂಡಿತು.

ಮನುಷ್ಯರಲ್ಲಿ ಇನ್ನೂ ಅಷ್ಟು ದೂರ ಹೋಗಿಲ್ಲ. ಹೃದಯ ವೈಫಲ್ಯವಿದ್ದ 707 ಮಂದಿಯ ಮೇಲೆ, ವೇಗಸ್ ನರವನ್ನು ಯಂತ್ರದಿಂದ ಕೆಣಕುವ ಚಿಕಿತ್ಸೆಯನ್ನು ಪರೀಕ್ಷಿಸಲಾಯಿತು. 2016ರಲ್ಲಿ ಫಲಿತಾಂಶ ಬಂದಾಗ ಸಾವು ಕಡಿಮೆಯಾಗಿರಲಿಲ್ಲ, ಕಾಯಿಲೆ ಉಲ್ಬಣಿಸುವುದೂ ತಪ್ಪಿರಲಿಲ್ಲ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಪ್ರಯೋಗಾಲಯದಲ್ಲಿ ಹೃದಯಕೋಶಗಳ ಅಸಿಟೈಲ್‌ಕೋಲಿನ್ ತಯಾರಿಕೆಯನ್ನು ಹೆಚ್ಚಿಸಿದ್ದುಂಟು. ಆದರೆ ಅದೇ ಮಾತ್ರೆ ಕೆಲವರಲ್ಲಿ ಬಡಿತವನ್ನು ವಿಪರೀತ ಇಳಿಸುತ್ತದೆ. ಹೃದಯಕ್ಕೆ ಒಳ್ಳೇದು ಅಂತ ಸುಮ್ನೆ ನುಂಗುವಂಥದ್ದಲ್ಲ.